ಕಾರಣವನ್ನು ಬರೆದುಕೊಡಿ: ಆರೋಗ್ಯ ವಿಮೆ ಮತ್ತು ಆಸ್ಪತ್ರೆ ಬಿಲ್ಲಿನ ತಕರಾರುಗಳಲ್ಲಿ ಪತ್ರದ ಸ್ಥಾನ



ನಮ್ಮ ಕಚೇರಿಗಳಲ್ಲಿ ದಿನವೂ ಕೇಳಿಬರುವ ಒಂದು ಪದದಿಂದ ಈ ದತ್ತಿ ಉಪನ್ಯಾಸವನ್ನು ಆರಂಭಿಸುತ್ತೇನೆ: ಕಡತ. ಇಂದು ನಾವು ಫೈಲಿಗೆ ಈ ಹೆಸರು ಕೊಟ್ಟಿದ್ದೇವೆ. ಹಿಂದೆ ಕಡತ ಎಂದರೆ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ವರ್ತಕರ ಲೆಕ್ಕ, ಮಠಮಾನ್ಯಗಳ ವ್ಯವಹಾರ ಅದರಲ್ಲಿ ಉಳಿಯುತ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರಗಳಾಗಿವೆ. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವ ದಿನ ಕೊಟ್ಟರು, ಕೊಡದಿದ್ದರೆ ಏನು ಕಾರಣ ಎಂಬುದನ್ನು ಕೊಟ್ಟವರೂ ಪಡೆದವರೂ ತೀರಿಹೋದ ಮೇಲೂ ಓದಿ ತಿಳಿಯಬಹುದಾಗಿತ್ತು. ನ್ಯಾಯ ಕೇಳುವವನು ಮೊದಲು ಕಡತ ಬಿಚ್ಚುತ್ತಿದ್ದ.

ಇಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತಿರುವ ಮನೆಯವರ ಕೈಯಲ್ಲಿ ಇಂಥ ಕಡತವಿಲ್ಲ ಎಂಬುದೇ ನನ್ನ ಚಿಂತೆ. ರೋಗಿಯನ್ನು ಮನೆಗೆ ಕರೆದೊಯ್ಯುವ ದಿನ ‘ಇನ್ಶೂರೆನ್ಸಿನವರು ಇಷ್ಟೇ ಅಪ್ರೂವ್ ಮಾಡಿದ್ದಾರೆ, ಉಳಿದದ್ದು ನೀವು ಕಟ್ಟಬೇಕು’ ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ, ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಟಿಪಿಎಯವರನ್ನು ಕೇಳಿ ಎನ್ನುತ್ತಾರೆ. ಟಿಪಿಎಯವರು ಕಂಪನಿಯ ಕಡೆ ಕೈತೋರುತ್ತಾರೆ. ಕಂಪನಿಯ ಸಹಾಯವಾಣಿಯಲ್ಲಿ ಪ್ರತಿ ಸಲವೂ ಬೇರೊಂದು ದನಿ, ಪ್ರತಿ ಸಲವೂ ಮೊದಲಿನಿಂದ ಕಥೆ. ಮೂರು ದಿನ ಹೀಗೆ ಅಲೆದವರ ಬಳಿ ಕೊನೆಗೆ ಉಳಿಯುವುದು ಕಾಲ್ ಲಾಗಿನ ಒಂದಿಷ್ಟು ನಂಬರುಗಳು ಮಾತ್ರ. ಯಾರು ಏನು ಹೇಳಿದರು ಎಂಬುದು ಎಲ್ಲಿಯೂ ಇಲ್ಲ. ಮಾತು ಆಡಿದರೆ ಹೋಯಿತು ಎಂಬ ಗಾದೆಯನ್ನು ನಾವು ಆಡುವವನಿಗೆ ಎಚ್ಚರಿಕೆಯಾಗಿ ಹೇಳುತ್ತೇವೆ. ಇಲ್ಲಿ ಅದು ಕೇಳಿಸಿಕೊಂಡವನ ನಷ್ಟ.

ಪತ್ರ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಿನ್ನಹ. ‘ತಾವು ದಯಮಾಡಿ’ ಎಂದು ಮೊದಲಾಗಿ ‘ಸದಾ ಋಣಿ’ ಎಂದು ಮುಗಿಯುವ ಒಕ್ಕಣೆ. ಆ ಬಗೆಯ ಪತ್ರ ಓದುವವನ ಕರುಣೆಯನ್ನು ನೆಚ್ಚಿಕೊಂಡಿರುತ್ತದೆ. ನಾನು ಹೇಳಲಿರುವ ಪತ್ರ ಅದಲ್ಲ. ವಿಮೆಯ ತಕರಾರಿನಲ್ಲಿ ಪತ್ರ ಮೊದಲು ಕೇಳಬೇಕಾದದ್ದು ಕಾರಣವನ್ನು. ಹಣ ಅದರ ಹಿಂದೆ ಬರುತ್ತದೆ. ಕೊಡುವುದಿಲ್ಲ ಎನ್ನುವವರು ಯಾವ ಷರತ್ತಿನ ಮೇಲೆ ಕೊಡುವುದಿಲ್ಲ ಎಂಬುದನ್ನು ಒಮ್ಮೆ ಬರೆದು ರುಜು ಹಾಕಿದರೆಂದರೆ ಆ ಬರಹ ಅವರನ್ನೂ ಕಟ್ಟಿಹಾಕುತ್ತದೆ. ಇಂದಿನ ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತ ಇದೆ.

ವಿಮೆ ಎಂಬ ವ್ಯವಹಾರದ ಸ್ವರೂಪವನ್ನು ಮೊದಲು ನೋಡೋಣ. ಅಂಗಡಿಯಲ್ಲಿ ಅಕ್ಕಿ ಕೊಂಡರೆ ಅಕ್ಕಿ ಕೈಗೆ ಬರುತ್ತದೆ. ವಿಮೆ ಕೊಂಡವರ ಕೈಗೆ ಬರುವುದು ಒಂದು ಮಾತು, ಅದೂ ಕಾಗದದ ಮೇಲೆ. 1938ರ ವಿಮಾ ಕಾಯ್ದೆ, 1972ರ ಸಾಮಾನ್ಯ ವಿಮೆಯ ರಾಷ್ಟ್ರೀಕರಣ, 1986ರಲ್ಲಿ ಸರ್ಕಾರಿ ಕಂಪನಿಗಳು ತಂದ ಮೆಡಿಕ್ಲೇಮ್, 1999ರ ಕಾಯ್ದೆಯ ಮೂಲಕ ಬಂದ ನಿಯಂತ್ರಣ ಪ್ರಾಧಿಕಾರ, ಆಮೇಲೆ ಖಾಸಗಿ ಕಂಪನಿಗಳು, ಹೀಗೆ ವ್ಯವಸ್ಥೆ ಎಷ್ಟು ಸಲ ಬದಲಾದರೂ ಮೂಲದಲ್ಲಿರುವುದು ಈ ಬರೆದ ಮಾತೇ. ಅಂದಮೇಲೆ ಬರೆದುಕೊಟ್ಟ ಮಾತಿಗೆ ಬಂದ ತಕರಾರನ್ನು ಬಾಯಿಮಾತಿನಲ್ಲಿ ಬಗೆಹರಿಸಲು ಹೊರಡುವುದು ಆರಂಭದಲ್ಲೇ ಒಂದು ಹೆಜ್ಜೆ ಹಿಂದೆ ನಿಂತಂತೆ.

ವಿಮೆಯ ಒಪ್ಪಂದ ಪರಮ ಸದ್ಭಾವದ ಒಪ್ಪಂದ ಎಂದು ಕಾನೂನಿನ ಪುಸ್ತಕಗಳು ಹೇಳುತ್ತವೆ. ಈ ತತ್ವಕ್ಕೆ ಮೂಲವಾಗಿ 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ತೀರ್ಪನ್ನು ಉಲ್ಲೇಖಿಸುವುದು ವಾಡಿಕೆ. ಸುಮಾತ್ರಾ ದ್ವೀಪದ ಒಂದು ಕೋಟೆಯ ಗವರ್ನರ್, ಕೋಟೆ ಶತ್ರುಗಳ ವಶವಾದರೆ ಪರಿಹಾರ ಸಿಗಲೆಂದು ವಿಮೆ ಮಾಡಿಸಿದ್ದ. ಫ್ರೆಂಚರು ಕೋಟೆ ಹಿಡಿದರು. ಕೋಟೆಯ ದೌರ್ಬಲ್ಯವನ್ನು ಮುಚ್ಚಿಟ್ಟಿದ್ದಾರೆ ಎಂದು ವಿಮೆ ಕೊಟ್ಟವನು ಹಣ ನಿರಾಕರಿಸಿದ. ಗ್ರಾಹಕ ಎಲ್ಲವನ್ನೂ ಹೇಳಬೇಕು ಎನ್ನುವುದಕ್ಕೆ ಇಂದಿಗೂ ಈ ಪ್ರಕರಣವನ್ನು ಮುಂದಿಡುತ್ತಾರೆ. ಆದರೆ ತೀರ್ಪು ಬಂದದ್ದು ಗವರ್ನರನ ಪರವಾಗಿ. ವಿಮೆ ಕೊಡುವವನು ತಾನೇ ತಿಳಿದುಕೊಳ್ಳಬಹುದಾಗಿದ್ದ ಸಂಗತಿಗಳನ್ನು, ಕೇಳದೆ ಕಂತು ಪಡೆದು, ನಷ್ಟವಾದ ಮೇಲೆ ಎತ್ತಿಹಿಡಿಯುವುದು ಸದ್ಭಾವವಲ್ಲ ಎಂದು ಮ್ಯಾನ್ಸ್‌ಫೀಲ್ಡ್ ಕಂಡ. ಸದ್ಭಾವ ಇಬ್ಬರ ಹೊಣೆ. ಕಂಪನಿಯ ಪಾಲಿನ ಈ ಅರ್ಧವನ್ನು ನಮ್ಮ ಜನರಿಗೆ ಯಾರೂ ಹೇಳಿಕೊಟ್ಟಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಈಗ ನಿರಾಕರಣೆಯ ಭಾಷೆಗೆ ಬರುತ್ತೇನೆ. ಕ್ಲೇಮು ತಿರಸ್ಕರಿಸುವ ಪತ್ರಗಳಲ್ಲಿ ಕೆಲವು ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ. ‘ಪಾಲಿಸಿಯ ಷರತ್ತುಗಳಿಗೆ ಅನುಗುಣವಾಗಿ ಪಾವತಿಸಲಾಗದು.’ ‘ಆಸ್ಪತ್ರೆಗೆ ಸೇರಿಸುವ ಅಗತ್ಯವಿರಲಿಲ್ಲ.’ ‘ಮೊದಲೇ ಇದ್ದ ಕಾಯಿಲೆ.’ ‘ವಾಡಿಕೆಯ ಹಾಗೂ ಸಮಂಜಸ ದರಕ್ಕಿಂತ ಹೆಚ್ಚು.’ ಓದಿದವರಿಗೆ ಇವು ತೀರ್ಪಿನಂತೆ ಕೇಳುತ್ತವೆ. ವಾಸ್ತವದಲ್ಲಿ ಇವು ವಾದಗಳು, ಅದೂ ಅರ್ಧ ಹೇಳಿದ ವಾದಗಳು. ಯಾವ ಷರತ್ತು, ಎಷ್ಟನೆಯ ಪುಟದ ಎಷ್ಟನೆಯ ಅಂಶ? ಅಗತ್ಯವಿರಲಿಲ್ಲ ಎಂದ ವೈದ್ಯರು ಯಾರು, ರೋಗಿಯನ್ನು ನೋಡಿದ ವೈದ್ಯರ ಟಿಪ್ಪಣಿಯನ್ನು ಅವರು ಓದಿದ್ದಾರೆಯೆ? ಮೊದಲೇ ಇತ್ತು ಎನ್ನಲು ಯಾವ ದಾಖಲೆ? ವಾಡಿಕೆಯ ದರ ಎಂದರೆ ಯಾವ ಊರಿನ, ಯಾವ ಆಸ್ಪತ್ರೆಗಳ ದರ? ಈ ನಾಲ್ಕು ಪ್ರಶ್ನೆ ಕೇಳಲು ವಕೀಲರು ಬೇಕಿಲ್ಲ. ಪಾಲಿಸಿಯ ಪುಸ್ತಕ ಮತ್ತು ನಿರಾಕರಣೆಯ ಪತ್ರವನ್ನು ಅಕ್ಕಪಕ್ಕ ಇಟ್ಟು ಓದುವ ತಾಳ್ಮೆ ಬೇಕು.

ಪ್ರಶ್ನೆ ಕೇಳುವ ಹಕ್ಕು ಎಲ್ಲಿಂದ ಬಂತು? 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ಆರೋಗ್ಯ ವಿಮೆಯ ಬಗ್ಗೆ ಹೊರಡಿಸಿದ ಸಮಗ್ರ ಸುತ್ತೋಲೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕ್ಲೇಮನ್ನು ಪೂರ್ತಿಯಾಗಲಿ ಭಾಗಶಃ ಆಗಲಿ ತಿರಸ್ಕರಿಸಿದರೆ ಪಾಲಿಸಿಯ ನಿರ್ದಿಷ್ಟ ಷರತ್ತನ್ನು ಹೆಸರಿಸಿ ವಿವರ ಕೊಡಬೇಕು. ಯಾವ ಕ್ಲೇಮನ್ನೂ ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸುವಂತಿಲ್ಲ. ಕ್ಲೇಮಿಗೆ ಬೇಕಾದ ದಾಖಲೆಗಳನ್ನು ಕಂಪನಿಯೋ ಟಿಪಿಎಯೋ ಆಸ್ಪತ್ರೆಯಿಂದ ತರಿಸಿಕೊಳ್ಳಬೇಕು. ಕ್ಯಾಶ್‌ಲೆಸ್ ಇದ್ದಲ್ಲಿ ಡಿಸ್ಚಾರ್ಜಿನ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ತಡವಾದುದರಿಂದ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಈ ಅಂಶಗಳನ್ನು ಹೆಸರಿಸಿ ಬರೆದ ಪತ್ರಕ್ಕೆ ‘ಷರತ್ತುಗಳಿಗೆ ಅನುಗುಣವಾಗಿ’ ಎಂಬ ಒಂದು ಸಾಲು ಉತ್ತರವಾಗಲಾರದು.

ಅದಕ್ಕಿಂತ ಆಳದ ಆಧಾರ ನಮ್ಮ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿದೆ, ಅದನ್ನು ಸಾವಧಾನವಾಗಿ ಗಮನಿಸಬೇಕೆಂದು ಕೋರುತ್ತೇನೆ. 2016ರಲ್ಲಿ, ಮತ್ತೆ 2019ರಲ್ಲಿ, ಕೋರ್ಟು ಒಂದು ಮಾತನ್ನು ಖಚಿತವಾಗಿ ಹೇಳಿತು: ವಿಮಾ ಕಂಪನಿ ನಿರಾಕರಣೆಯ ಪತ್ರದಲ್ಲಿ ಹೇಳದ ಕಾರಣವನ್ನು ಆಮೇಲೆ ವ್ಯಾಜ್ಯದಲ್ಲಿ ಹೊಸದಾಗಿ ತರುವಂತಿಲ್ಲ. ಅವು ಆರೋಗ್ಯ ವಿಮೆಯ ಪ್ರಕರಣಗಳಲ್ಲ. ಒಂದು ಸಾಗಣೆಯಲ್ಲಿ ಹಾಳಾದ ಸರಕಿನದು, ಇನ್ನೊಂದು ಸುಟ್ಟುಹೋದ ಕಲ್ಲಿದ್ದಲಿನ ದಾಸ್ತಾನಿನದು. ಆದರೆ ತತ್ವ ಎಲ್ಲ ವಿಮೆಗೂ ಸಲ್ಲುವಂಥದು. ಇದರ ಅರ್ಥವನ್ನು ಬಿಡಿಸಿ ನೋಡಿ. ಕಂಪನಿ ಫೋನಿನಲ್ಲಿ ಇಂದು ಒಂದು ಕಾರಣ, ನಾಳೆ ಇನ್ನೊಂದು ಕಾರಣ ಹೇಳಬಹುದು. ಬರೆದು ಕೊಟ್ಟ ದಿನ ಅದರ ಆಯ್ಕೆಗಳು ಮುಗಿಯುತ್ತವೆ. ಮುಂದೆ ವಿಮೆಯ ದೂರುಗಳನ್ನು ಆಲಿಸುವ ಓಂಬುಡ್ಸ್‌ಮನ್ ಎದುರಿಗೋ ಗ್ರಾಹಕರ ಆಯೋಗದ ಎದುರಿಗೋ ವಾದ ನಡೆಯುವುದು ಆ ಕಾಗದದ ಗಡಿಯೊಳಗೆ. ಆದ್ದರಿಂದ ನಿರಾಕರಣೆಯ ಪತ್ರ ಬಂದಾಗ ಮನೆಯವರು ಕುಸಿಯಬೇಕಾಗಿಲ್ಲ. ಅದು ಬಾರದೆ ಇರುವುದೇ ಹೆಚ್ಚು ಅಪಾಯ. ಕಾರಣವಿಲ್ಲದೆ ‘ಕ್ಲೇಮ್ ಕ್ಲೋಸ್ಡ್’ ಎಂಬ ಎಸ್‌ಎಂಎಸ್ ಬಂದವರು ಮಾಡಬೇಕಾದ ಮೊದಲ ಕೆಲಸ ಕಾರಣವನ್ನು ಲಿಖಿತವಾಗಿ ಕೇಳುವುದು.

ಇದರ ಜೊತೆಗೆ ಇನ್ನೂ ಕೆಲವು ತತ್ವಗಳು ಪತ್ರ ಬರೆಯುವವರ ಬೆನ್ನಿಗಿವೆ. ಷರತ್ತಿನ ಭಾಷೆ ಎರಡು ಅರ್ಥ ಕೊಡುವಂತಿದ್ದರೆ ಅದನ್ನು ಬರೆದವರ ವಿರುದ್ಧವಾಗಿ ಅರ್ಥೈಸಬೇಕು ಎಂಬುದು ಹಳೆಯ ನಿಯಮ. ಪಾಲಿಸಿಯನ್ನು ಬರೆದವರು ಕಂಪನಿಯವರು. ಇನ್ನು, ನವೀಕರಣದ ವೇಳೆ ಷರತ್ತನ್ನು ಬದಲಿಸಿದರೆ ಅದನ್ನು ಗ್ರಾಹಕರಿಗೆ ತಿಳಿಸುವ ಹೊಣೆ ಕಂಪನಿಯದು ಎಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವರ್ಷಗಟ್ಟಲೆ ಕಂತು ಕಟ್ಟುತ್ತ ಬಂದ ದಂಪತಿಗೆ, ಆಂಜಿಯೋಪ್ಲಾಸ್ಟಿ ಆದ ಮೇಲೆ, ಇಷ್ಟಕ್ಕೇ ಮಿತಿ ಎಂಬ ಹೊಸ ಷರತ್ತು ತೋರಿಸಿದ ಪ್ರಕರಣ ಅದು. ಅದೇ ತಿಂಗಳು ಇನ್ನೊಂದು ತೀರ್ಪು ಬಂತು. ಅಮೆರಿಕಕ್ಕೆ ಹೊರಟವರೊಬ್ಬರು ಪ್ರವಾಸ ವಿಮೆ ಮಾಡಿಸಿದ್ದರು, ಮಧುಮೇಹವಿದೆ ಎಂದು ಫಾರಮ್ಮಿನಲ್ಲಿ ಬರೆದಿದ್ದರು. ಅಲ್ಲಿ ಇಳಿದೊಡನೆ ಹೃದಯಾಘಾತವಾಯಿತು. ಕೊಲೆಸ್ಟರಾಲಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯ ವಿಷಯ ಹೇಳಿಲ್ಲವೆಂದು ಕಂಪನಿ ಹಣ ನಿರಾಕರಿಸಿತು. ಆರೋಗ್ಯಸ್ಥಿತಿಯನ್ನು ತಿಳಿದು, ತೂಗಿ, ಪಾಲಿಸಿ ಕೊಟ್ಟ ಮೇಲೆ ಅದನ್ನೇ ನೆಪ ಮಾಡುವಂತಿಲ್ಲ ಎಂದಿತು ಕೋರ್ಟು. ಈಗಿನ ನಿಯಮದ ಪ್ರಕಾರ ಐದು ವರ್ಷ ನಿರಂತರವಾಗಿ ಕಂತು ಕಟ್ಟಿದ ಆರೋಗ್ಯ ಪಾಲಿಸಿಯಲ್ಲಿ, ವಂಚನೆ ಸಾಬೀತಾಗದ ಹೊರತು, ‘ಹೇಳಿಲ್ಲ’ ಎಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತೆಯೂ ಇಲ್ಲ. ಪಾಲಿಸಿ ಯಾವ ವರ್ಷ ಆರಂಭವಾಯಿತು ಎಂಬ ಒಂದೇ ಸಾಲು ಪತ್ರದಲ್ಲಿದ್ದರೆ ಎಷ್ಟೋ ತಕರಾರು ಅಲ್ಲಿಗೇ ನಿಲ್ಲುತ್ತದೆ.

ಬಂಧುಗಳೆ, ಇನ್ನೊಂದು ದಿಕ್ಕಿನಲ್ಲಿ ಆಸ್ಪತ್ರೆಯಿದೆ. ವಿಮೆಯಿಲ್ಲದವರ ತಕರಾರು ಪೂರ್ತಿಯಾಗಿ ಆಸ್ಪತ್ರೆಯೊಂದಿಗೆ. ವಿಮೆಯಿದ್ದವರಿಗೂ ಆಸ್ಪತ್ರೆಯ ಕಾಗದಗಳಿಲ್ಲದೆ ಕಂಪನಿಯ ಜೊತೆ ಮಾತಾಡಲಾಗದು. ಕೈಗೆ ಬರುವ ಬಿಲ್ಲಿನಲ್ಲಿ ‘ಔಷಧ’, ‘ಕನ್ಸ್ಯೂಮಬಲ್ಸ್’, ‘ವೃತ್ತಿ ಶುಲ್ಕ’ ಎಂಬ ನಾಲ್ಕಾರು ಒಟ್ಟು ಮೊತ್ತಗಳಿರುತ್ತವೆ. ಬಿಡಿಬಿಡಿಯಾದ ಬಿಲ್ಲನ್ನು ಕೇಳುವುದು ಮೊದಲ ಪತ್ರ. ರೋಗಿಗಳ ಹಕ್ಕುಗಳ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದು ಇದನ್ನು ಹಕ್ಕೆಂದೇ ಹೇಳುತ್ತದೆ. ವೈದ್ಯಕೀಯ ದಾಖಲೆಗಳನ್ನು ಕೇಳುವುದು ಎರಡನೆಯದು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲಿದೆ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕೆಂದೂ ಅದರಲ್ಲೇ ಇದೆ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ದಿನದಿನದ ಕೇಸ್ ಶೀಟು, ನರ್ಸುಗಳ ಔಷಧ ಪಟ್ಟಿ, ಶಸ್ತ್ರಕ್ರಿಯೆಯ ಟಿಪ್ಪಣಿ, ಇವು ಬಂದರೆ ಬಿಲ್ಲಿನಲ್ಲಿ ಬರೆದ ಇಂಜೆಕ್ಷನ್ ನಿಜಕ್ಕೂ ರೋಗಿಯ ಮೈಸೇರಿತೆ ಎಂದು ತಾಳೆ ನೋಡಬಹುದು. ಹೃದಯದ ಸ್ಟೆಂಟ್ ಹಾಕಿದ್ದರೆ ಅದರ ಬೆಲೆ, ಬ್ರ್ಯಾಂಡು, ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು ಎಂಬ ಆದೇಶ, ಸ್ಟೆಂಟಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿದ 2017ರ ಫೆಬ್ರವರಿಯಿಂದಲೂ ಇದೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಸ್ವಂತದ ಕಾಯ್ದೆಯೊಂದಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರ ನವೆಂಬರಿನಲ್ಲಿ ಅದರ ತಿದ್ದುಪಡಿಯ ಸುತ್ತ ವೈದ್ಯರ ಮುಷ್ಕರ ನಡೆದದ್ದು ಹಲವರಿಗೆ ನೆನಪಿರಬಹುದು. ಆ ಜಗಳದ ಗದ್ದಲದಲ್ಲಿ, ಕೊನೆಗೆ ಕಾಯ್ದೆಯಲ್ಲಿ ಏನು ಉಳಿಯಿತು ಎಂಬುದು ಜನರ ಗಮನಕ್ಕೆ ಬರಲಿಲ್ಲ. ದರಗಳನ್ನೂ ರೋಗಿಗಳ ಸನ್ನದನ್ನೂ ಕಾಣುವಂತೆ ಪ್ರದರ್ಶಿಸಬೇಕು. ಬಾಕಿ ಕಟ್ಟಿಲ್ಲವೆಂದು ಮೃತದೇಹವನ್ನು ಹಿಡಿದಿಡುವಂತಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ, ಅಲ್ಲಿಗೆ ದೂರು ಕೊಡಬಹುದು. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿಯಾಗಿದೆ.

ತತ್ವವನ್ನು ಒಂದು ಲೆಕ್ಕದಲ್ಲಿ ಇಟ್ಟು ನೋಡೋಣ. ಲೆಕ್ಕ ನಾನು ಕಲ್ಪಿಸಿದ್ದು, ತಕರಾರು ಮಾತ್ರ ಬಹಳ ಸಾಮಾನ್ಯವಾದದ್ದು. ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ದಿನಕ್ಕೆ 3,000 ರೂಪಾಯಿ ಮಿತಿ. ರೋಗಿ ಐದು ದಿನ ಇದ್ದದ್ದು 6,000 ರೂಪಾಯಿಯ ರೂಮಿನಲ್ಲಿ. ಬಾಡಿಗೆ 30,000, ವೈದ್ಯರ ಶುಲ್ಕ ಮತ್ತು ಆಪರೇಷನ್ ಥಿಯೇಟರಿನದು 70,000, ಔಷಧ, ಇಂಪ್ಲಾಂಟು, ಪರೀಕ್ಷೆಗಳು 80,000. ಒಟ್ಟು 1,80,000. ಅರ್ಹತೆಗಿಂತ ಎರಡು ಪಟ್ಟಿನ ರೂಮು ಹಿಡಿದಿದ್ದೀರಿ ಎಂದು ಕಂಪನಿ ಇಡೀ ಬಿಲ್ಲನ್ನು ಅರ್ಧಕ್ಕೆ ಕಡಿದು 90,000 ಕೊಡುತ್ತದೆ. ಮನೆಯವರು ತಮ್ಮದೇ ತಪ್ಪೆಂದು ಸುಮ್ಮನಾಗುತ್ತಾರೆ. ಆದರೆ ಅನುಪಾತದ ಈ ಕಡಿತವನ್ನು ಔಷಧ, ಇಂಪ್ಲಾಂಟು, ಪರೀಕ್ಷೆಗಳ ಮೇಲೆ ಹಾಕಬಾರದು ಎಂದು 2020ರಲ್ಲಿ ವಿಮಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತ್ತು. ರೂಮಿನ ದರ್ಜೆಗೆ ತಕ್ಕಂತೆ ಶುಲ್ಕ ಬದಲಿಸದ ಆಸ್ಪತ್ರೆಯಲ್ಲಂತೂ ಈ ಕಡಿತವೇ ಸಲ್ಲದು ಎಂದಿತ್ತು. ಪಾಲಿಸಿಯ ವ್ಯಾಖ್ಯೆಗಳ ಭಾಗದಲ್ಲಿ ‘ಸಂಬಂಧಿತ ವೈದ್ಯಕೀಯ ವೆಚ್ಚ’ ಎಂಬುದಕ್ಕೆ ಕೊಟ್ಟ ಅರ್ಥವನ್ನು ಓದಿ ನೋಡಬೇಕು. ಅದರಂತೆ ಲೆಕ್ಕ ಹಾಕಿದರೆ ಬಾಡಿಗೆಯಲ್ಲಿ 15,000, ಶುಲ್ಕದಲ್ಲಿ 35,000, ಔಷಧಾದಿಗಳಲ್ಲಿ ಪೂರ್ತಿ 80,000, ಒಟ್ಟು 1,30,000 ಬರಬೇಕು. ವ್ಯತ್ಯಾಸ 40,000 ರೂಪಾಯಿ. ಇದನ್ನು ಫೋನಿನಲ್ಲಿ ವಿವರಿಸಲು ಹೋದರೆ ಎರಡನೆಯ ವಾಕ್ಯಕ್ಕೆ ಎಳೆ ತಪ್ಪುತ್ತದೆ. ಕಾಗದದ ಮೇಲೆ ಆರು ಸಾಲಿನಲ್ಲಿ ಇಟ್ಟರೆ ಓದುವ ಅಧಿಕಾರಿ ಅದನ್ನು ಕೂಡಿ ಕಳೆದು ನೋಡಲೇಬೇಕಾಗುತ್ತದೆ.

ಇಲ್ಲಿಂದಲೇ ಒಕ್ಕಣೆಯ ವಿಚಾರ ಬರುತ್ತದೆ. ಒಳ್ಳೆಯ ಪತ್ರ ಒಂದು ಪುಟ ಮೀರದು. ಮೇಲ್ಗಡೆ ಪಾಲಿಸಿ ಸಂಖ್ಯೆ, ಕ್ಲೇಮು ಸಂಖ್ಯೆ, ಆಸ್ಪತ್ರೆಯಲ್ಲಿದ್ದ ದಿನಾಂಕಗಳು. ಆಮೇಲೆ ನಡೆದದ್ದು, ದಿನಾಂಕದ ಕ್ರಮದಲ್ಲಿ. ಬಳಿಕ ಕಂಪನಿ ಕೊಟ್ಟ ಕಾರಣ, ಅದರ ಮಾತಿನಲ್ಲಿಯೇ. ಅದು ಯಾಕೆ ಸಲ್ಲದು ಎಂಬುದು ಪಾಲಿಸಿಯ ಅಂಶ ಸಂಖ್ಯೆಯೊಡನೆ. ಕೊನೆಯಲ್ಲಿ ಏನು ಬೇಕು, ಎಷ್ಟು ರೂಪಾಯಿ, ಎಷ್ಟು ದಿನದೊಳಗೆ. ಜೊತೆಗೆ ಲಗತ್ತುಗಳ ಪಟ್ಟಿ. ಮೂಲ ಕಾಗದವನ್ನು ಆದಷ್ಟೂ ಕಳಿಸಬಾರದು, ಕಳಿಸಲೇಬೇಕಾದರೆ ನಕಲು ಇಟ್ಟುಕೊಳ್ಳಬೇಕು. ನೋವು, ಸಿಟ್ಟು, ಅವಮಾನ ಇವು ನಿಜವಾದವು. ಅವುಗಳನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಪತ್ರದಲ್ಲಿ ಅವು ಬಂದಷ್ಟೂ ಓದುವವನು ಅವುಗಳಿಗೆ ಉತ್ತರ ಬರೆದು, ‘ತಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ಮುಗಿಸಲು ದಾರಿಯಾಗುತ್ತದೆ. ಸಂಖ್ಯೆಗೂ ಷರತ್ತಿಗೂ ವಿಷಾದ ಉತ್ತರವಾಗದು.

ಇನ್ನೊಂದು ಸೂಕ್ಷ್ಮವಿದೆ. ಆಸ್ಪತ್ರೆಗೂ ಕಂಪನಿಗೂ ಒಂದೇ ಪತ್ರ ಬರೆದು ಇಬ್ಬರಿಗೂ ಪ್ರತಿ ಕಳಿಸುವವರು ಬಹಳ. ಇಬ್ಬರೂ ಇನ್ನೊಬ್ಬರು ಉತ್ತರಿಸುತ್ತಾರೆಂದು ಬಿಡುತ್ತಾರೆ. ಚಿಕಿತ್ಸೆ ಯಾಕೆ ಬೇಕಾಯಿತು ಎಂಬುದನ್ನು ವೈದ್ಯರೇ ಬರೆದುಕೊಡಬೇಕು. ಅದನ್ನು ಆಸ್ಪತ್ರೆಗೆ ಬರೆದ ಪತ್ರದಿಂದ ಪಡೆದು ಕಂಪನಿಗೆ ಬರೆಯುವ ಪತ್ರಕ್ಕೆ ಲಗತ್ತಿಸಬೇಕು. ಚಿಕಿತ್ಸೆ ಮಾಡಿದ ವೈದ್ಯರ ಎರಡು ಸಾಲು, ‘ಈ ರೋಗಿಯನ್ನು ಮನೆಯಲ್ಲಿಟ್ಟು ಚಿಕಿತ್ಸೆ ಮಾಡುವ ಸ್ಥಿತಿ ಇರಲಿಲ್ಲ, ಏಕೆಂದರೆ’ ಎಂದು ಮೊದಲಾಗುವ ಎರಡು ಸಾಲು, ನಮ್ಮ ಹತ್ತು ಪುಟಕ್ಕಿಂತ ಭಾರ.

ಪತ್ರ ತಲುಪಿತು ಎಂಬುದಕ್ಕೂ ಸಾಕ್ಷಿ ಬೇಕು. ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಪತ್ರ ತಲುಪಿತೆಂದೇ ಭಾವಿಸಬೇಕು ಎಂಬ ತತ್ವ 1897ರ ಸಾಮಾನ್ಯ ಖಂಡಗಳ ಕಾಯ್ದೆಯಲ್ಲಿದೆ. 2025ರಲ್ಲಿ ಅಂಚೆ ಇಲಾಖೆ ಆ ಸೇವೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದೆ. ರಸೀದಿಯನ್ನು ಜೋಪಾನವಾಗಿಡುವ ಪಾಠ ಬದಲಾಗಿಲ್ಲ. ಕೈಯಾರೆ ಕೊಟ್ಟರೆ ನಮ್ಮ ಪ್ರತಿಯ ಮೇಲೆ ಟಪ್ಪಾಲಿನ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಬೇಕು. ಇಮೇಲಿಗೂ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಬರಹದ ಮಾನ್ಯತೆ ಕೊಟ್ಟಿದೆ. ಮಕ್ಕಳು ದುಬೈಯಲ್ಲೋ ಅಮೆರಿಕದಲ್ಲೋ ಇದ್ದು ಮೈಸೂರಿನ, ಹುಬ್ಬಳ್ಳಿಯ ತಂದೆತಾಯಿಗಳ ಕ್ಲೇಮನ್ನು ನೋಡಿಕೊಳ್ಳುವ ಮನೆಗಳಿಗೆ ಇದು ದೊಡ್ಡ ಅನುಕೂಲ. ಫೋನಿನಲ್ಲಿ ಮಾತಾಡಲೇಬೇಕಾಗಿ ಬಂದರೆ, ಅಂದೇ ಸಂಜೆ ‘ಇಂದು ಇಂಥ ಹೊತ್ತಿಗೆ ತಾವು ಹೀಗೆ ತಿಳಿಸಿದಿರಿ, ತಪ್ಪಿದ್ದರೆ ತಿಳಿಸಿ’ ಎಂದು ಒಂದು ಇಮೇಲ್ ಹಾಕಿದರೆ ಆಡಿದ ಮಾತೂ ಕಡತ ಸೇರುತ್ತದೆ.

ಪತ್ರಕ್ಕೆ ಮೆಟ್ಟಿಲುಗಳಿವೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿ. ಅವರು ಎರಡು ವಾರದೊಳಗೆ ಉತ್ತರಿಸಬೇಕು. ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲೂ ದಾಖಲಿಸಬಹುದು. ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ಒಂದು ತಿಂಗಳಾದರೂ ಬಾರದಿದ್ದರೆ, ವಿಮಾ ಓಂಬುಡ್ಸ್‌ಮನ್. 1998ರಲ್ಲಿ ಆರಂಭವಾದ ಈ ವ್ಯವಸ್ಥೆ ಈಗ 2017ರ ನಿಯಮಗಳಡಿ ನಡೆಯುತ್ತಿದೆ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿಯಿದೆ, ಪರಿಹಾರದ ಮಿತಿ 50 ಲಕ್ಷ ರೂಪಾಯಿ. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ. ಅಲ್ಲಿ ಪ್ರವೇಶ ಸಿಗುವುದು ಹಿಂದೆ ಕಂಪನಿಗೆ ಲಿಖಿತವಾಗಿ ಬರೆದವರಿಗೆ ಮಾತ್ರ. ನೂರು ಸಲ ಫೋನು ಮಾಡಿದ್ದೇನೆ ಎಂದರೆ ಬಾಗಿಲು ತೆರೆಯದು. ಓಂಬುಡ್ಸ್‌ಮನ್ ಕೊಟ್ಟ ತೀರ್ಪಿಗೆ ಕಂಪನಿ ಬದ್ಧ. 30 ದಿನದೊಳಗೆ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯನ್ನು ದೂರುದಾರರಿಗೆ ಕೊಡಬೇಕೆಂದು 2024ರ ಸುತ್ತೋಲೆ ಹೇಳುತ್ತದೆ. ಸರ್ಕಾರಿ ಸ್ವಾಮ್ಯದ ಕಂಪನಿಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ತಮ್ಮ ಕ್ಲೇಮಿನ ಟಿಪ್ಪಣಿ ಹಾಳೆಗಳನ್ನೂ ಕೇಳಬಹುದು. ಜಿಲ್ಲಾ ಗ್ರಾಹಕರ ಆಯೋಗವಿದೆ. ಕಾನೂನು ಸೇವೆಗಳ ಕಾಯ್ದೆಯಡಿ ಇರುವ ಕಾಯಂ ಜನತಾ ನ್ಯಾಯಾಲಯವೂ ಇದೆ. ವಿಮೆ ಮತ್ತು ಆಸ್ಪತ್ರೆ ಎರಡೂ ಅದರ ವ್ಯಾಪ್ತಿಗೆ ಬರುತ್ತವೆ ಎಂಬುದು ಹೆಚ್ಚಿನವರಿಗೆ ತಿಳಿಯದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಪತ್ರ ಬರೆಯುತ್ತಿದ್ದರೆ ಕಾಲ ನಿಂತಿರುತ್ತದೆ ಎಂದು ತಿಳಿಯಬಾರದು. ಓಂಬುಡ್ಸ್‌ಮನ್‌ಗೆ ಒಂದು ವರ್ಷದ ಗಡುವು, ಗ್ರಾಹಕರ ಆಯೋಗಕ್ಕೆ ಎರಡು ವರ್ಷ. ಒಂದೇ ಮಾತನ್ನು ಹತ್ತು ಪತ್ರಗಳಲ್ಲಿ ಬರೆದರೂ ಆ ಗಡುವು ಮುಂದೆ ಸರಿಯುವುದಿಲ್ಲ. ಪತ್ರವ್ಯವಹಾರದಲ್ಲಿ ನಂಬಿಕೆಯಿಟ್ಟವರೇ, ಉತ್ತರ ಬರುತ್ತದೆಂದು ಕಾದು, ಹಕ್ಕನ್ನು ಕಳೆದುಕೊಳ್ಳುವುದುಂಟು. ಒಂದು ಪತ್ರ, ಒಂದು ನೆನಪೋಲೆ, ಆಮೇಲೆ ಮುಂದಿನ ಮೆಟ್ಟಿಲು.

ಕಂಪನಿಯಿಂದ ಹಣ ಪಡೆಯುವ ಹೊತ್ತಿನ ಒಂದು ಕಾಗದದ ಬಗ್ಗೆಯೂ ಹೇಳಬೇಕು. ಭಾಗಶಃ ಹಣ ಕೊಡುವಾಗ ‘ಪೂರ್ಣ ಮತ್ತು ಅಂತಿಮ’ ಎಂದು ಬರೆದ ವೋಚರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಂಥ ಸಹಿಯಿಂದ ಗ್ರಾಹಕರು ಬೇರೆಡೆ ಪರಿಹಾರ ಕೇಳುವ ಹಕ್ಕು ಮುಚ್ಚಿಹೋಗಬಾರದು ಎಂದು ಪ್ರಾಧಿಕಾರ 2015ರ ಸೆಪ್ಟೆಂಬರಿನಲ್ಲಿಯೇ ಸುತ್ತೋಲೆ ಹೊರಡಿಸಿದೆ. ಆದರೂ ಸಹಿಯ ಪಕ್ಕದಲ್ಲಿ ‘ಉಳಿದ ಮೊತ್ತದ ಹಕ್ಕನ್ನು ಕಾದಿರಿಸಿ ಪಡೆದಿದ್ದೇನೆ’ ಎಂದು ಬರೆಯುವುದು ಲೇಸು. ಆಸ್ಪತ್ರೆಯ ಕೌಂಟರಿನಲ್ಲೂ ಹಾಗೆಯೇ. ರೋಗಿಯನ್ನು ಮನೆಗೆ ಕರೆದೊಯ್ಯಬೇಕಾದ ಗಳಿಗೆಯಲ್ಲಿ ಪತ್ರವ್ಯವಹಾರ ಸಾಧ್ಯವಿಲ್ಲ, ಹಣ ಕಟ್ಟಬೇಕಾಗುತ್ತದೆ. ಬಿಲ್ಲಿನ ಪ್ರತಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದೆ’ ಎಂದು ತಾರೀಖು ಸಹಿತ ಬರೆದು ಬಂದರೆ ಮುಂದಿನ ಪತ್ರಕ್ಕೆ ಅದು ಮೊದಲ ಸಾಲು.

ಎದುರುಪಕ್ಷದ ಮಾತನ್ನೂ ನಾವು ಕೇಳಬೇಕು. ವಿಮೆಯ ಹಣ ಕಂತು ಕಟ್ಟಿದ ಎಲ್ಲರ ಹಣ. ಸುಳ್ಳು ಕ್ಲೇಮು, ಉಬ್ಬಿಸಿದ ಬಿಲ್ಲು ಇವೆ, ಅವುಗಳ ಭಾರ ಮುಂದಿನ ವರ್ಷದ ಪ್ರೀಮಿಯಮ್ಮಾಗಿ ನಮ್ಮೆಲ್ಲರ ಮೇಲೆ ಬೀಳುತ್ತದೆ. ಪರಿಶೀಲಿಸುವುದು ಕಂಪನಿಯ ಕರ್ತವ್ಯ. ಫಾರಮ್ಮಿನಲ್ಲಿ ಬಿಪಿ, ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟು ಆಮೇಲೆ ಪತ್ರದ ಬಲದಿಂದ ಗೆಲ್ಲುತ್ತೇನೆಂದು ಹೊರಡುವುದನ್ನು ನಾನು ಬೆಂಬಲಿಸಲಾರೆ. ಏಜೆಂಟರು ತುಂಬಿದ ಫಾರಮ್ಮಿಗೆ ಓದದೆ ಸಹಿ ಹಾಕುವುದೂ ಅದೇ ದಾರಿಯ ಇನ್ನೊಂದು ತುದಿ. ಪಾಲಿಸಿ ಕೈಗೆ ಬಂದ ಮೇಲೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು ಈಗ 30 ದಿನದ ಅವಕಾಶವಿದೆ. ಏಜೆಂಟರು ಬರೆದದ್ದರಲ್ಲಿ ತಪ್ಪಿದ್ದರೆ ಆ ದಿನಗಳಲ್ಲೇ ತಿದ್ದುಪಡಿ ಕೋರಿ ಬರೆದ ಪತ್ರ ಮುಂದಿನ ಎಲ್ಲ ಪತ್ರಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಕೊನೆಯದಾಗಿ ಭಾಷೆಯ ಪ್ರಶ್ನೆ. ಪಾಲಿಸಿ ಇಂಗ್ಲಿಷಿನಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ, ನಿರಾಕರಣೆ ಇಂಗ್ಲಿಷಿನಲ್ಲಿ. ಪಾಲಿಸಿಯ ಸಾರವನ್ನು ತಿಳಿಸುವ ಗ್ರಾಹಕ ಮಾಹಿತಿ ಹಾಳೆಯನ್ನು ಕೇಳಿದವರಿಗೆ ಅವರ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಜನವರಿಯಿಂದ ಜಾರಿಯಲ್ಲಿದೆ. ಕನ್ನಡದಲ್ಲಿ ಕೊಡಿ ಎಂದು ನಮ್ಮಲ್ಲಿ ಎಷ್ಟು ಮಂದಿ ಬರೆದು ಕೇಳಿದ್ದೇವೆ? ಕೇಳದ ಕಡೆ ಅಚ್ಚು ಹಾಕುವವರು ಯಾರು? ಕಂಪನಿಗೆ ಕನ್ನಡದಲ್ಲಿ ಪತ್ರ ಬರೆಯಲು ಹಿಂಜರಿಯಬೇಕಾಗಿಲ್ಲ. ಷರತ್ತಿನ ಸಂಖ್ಯೆ, ರೂಪಾಯಿ, ತಾರೀಖು ಇವು ಮೂರೂ ಸರಿಯಿದ್ದರೆ ನಡುವಿನ ಮಾತು ನಮ್ಮದೇ ಇರಲಿ.

ಬರೆಯಲಾರದವರ ಪಾಡೇನು? ತಾಲ್ಲೂಕು ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರ ಮೇಜುಗಳನ್ನು ನಾವೆಲ್ಲ ಕಂಡಿದ್ದೇವೆ. ಪಹಣಿ, ಪಿಂಚಣಿ, ಖಾತೆ ಬದಲಾವಣೆಯ ಒಕ್ಕಣೆ ಅವರಿಗೆ ಬಾಯಿಪಾಠ. ಆಸ್ಪತ್ರೆಯ ಹೊರಗೆ ಅಂಥ ಒಂದು ಮೇಜು ಇಲ್ಲ. ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಕಂಪ್ಯೂಟರಿದೆ, ಮೇಜಿದೆ, ಓದಿದ ಹುಡುಗ ಹುಡುಗಿಯರು ಸಂಜೆ ಸೇರುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರು ಹಳ್ಳಿಗಳಿಗೆ ಹೋಗುತ್ತಲೇ ಇದ್ದಾರೆ. ಈ ಎರಡನ್ನೂ ಕೂಡಿಸಿ, ವಾರಕ್ಕೊಂದು ಸಂಜೆ, ಬಿಲ್ಲು ಮತ್ತು ಪಾಲಿಸಿ ಹಿಡಿದು ಬಂದವರಿಗೆ ಪತ್ರ ಬರೆದುಕೊಡುವ ಏರ್ಪಾಡನ್ನು ಈ ದತ್ತಿಯ ನೆರವಿನಿಂದ ಒಂದೇ ಒಂದು ತಾಲ್ಲೂಕಿನಲ್ಲಿ ಆರಂಭಿಸಬಹುದೆಂದು ನನ್ನ ಸೂಚನೆ. ಅದಕ್ಕೆ ಬೇಕಾದ ನಾಲ್ಕು ಮಾದರಿ ಪತ್ರಗಳು, ಬಿಡಿಬಿಡಿಯಾದ ಬಿಲ್ಲಿಗೆ ಒಂದು, ವೈದ್ಯಕೀಯ ದಾಖಲೆಗೆ ಒಂದು, ನಿರಾಕರಣೆಯ ಕಾರಣ ಕೇಳಲು ಒಂದು, ಓಂಬುಡ್ಸ್‌ಮನ್‌ಗೆ ಒಂದು, ಇವುಗಳ ಕನ್ನಡ ಕರಡನ್ನು ಸಿದ್ಧಪಡಿಸಿದ್ದೇನೆ. ಅವುಗಳನ್ನು ಪರಿಷ್ಕರಿಸಿಕೊಳ್ಳಲು ಈ ಸಂಜೆಯೇ ದತ್ತಿಯ ಸಮಿತಿಗೆ ಒಪ್ಪಿಸುತ್ತೇನೆ.